ವಾಡೇದ ತೋಟಕ್ಕ ಒಬ್ಬ ಮಾಲಿ ಕೊಡ್ರಿ

ಸಂಪಾದಕರಿಗೆ ನಮಸ್ಕಾರ್ರೀ,

ಈ ಬ್ಯಾಸಗಿ ಸೂಟಿಯೊಳಗ ನಮ್ಮ ಅವ್ವನ್ನ ಕರಕೊಂಡು ಗದಗ ಕಡೆ ಒಂದು ಹಳೇ ದೇಸಾಯರ ವಾಡೇ, ಅಂದ್ರ ಊರಾಳೂ ಮನೆತನದವರ ಕ್ವಾಟಿಯಂಥಾ ದೊಡ್ಡ ಮನಿ, ನೋಡಾಕ ಹೋಗಿದ್ವಿ. ಊರ ಹೆಸರು ಬರಿಯೂದಿಲ್ಲ, ಯಾಕಂದ್ರ ಅಲ್ಲೆ ಕಂಡದ್ದು ಆ ಒಂದ ಊರಿಂದಷ್ಟ ಅಲ್ಲ, ನಮ್ಮ ಧಾರವಾಡ ಗದಗ ಹಾವೇರಿ ಮೂರೂ ಜಿಲ್ಲಾದಾಗ ಹಳೇ ವಾಡೇ ಇರಲಿ ಕ್ವಾಟಿ ಇರಲಿ, ತೋಟ ಅಭಿವೃದ್ಧಿ ಮಾಡತೇವಿ ಅಂದಲ್ಲೆಲ್ಲಾ ನಾನು ನೋಡಿದ್ದು ಹಿಂಗ ಐತಿ, ಒಬ್ಬರ ಮ್ಯಾಲ ಹಾಕಿ ಸುಮ್ಮನಾಗೂ ಮಾತಲ್ಲ. ಆದ್ರ ಬರೀದ ಇರಾಕೂ ಆಗವಲ್ದು, ನಾಕು ದಿನಾ ಆತು ನಿದ್ದಿ ಸರಿ ಬಂದಿಲ್ಲ.

ನಮ್ಮಪ್ಪ ಧಾರವಾಡದಾಗ ಒಂದು ದೊಡ್ಡ ಬಂಗಲೇದಾಗ ಮೂವತ್ತೊಂದು ವರ್ಷ ಮಾಲಿ ಕೆಲಸಾ ಮಾಡಿದವ್ರು. ನಾನು ಹುಟ್ಟಿ ಬೆಳದದ್ದು ಆ ಬಂಗಲೇ ಹಿಂದಿನ ಎರಡು ಖೋಲಿ ಮನ್ಯಾಗ. ಅಪ್ಪ ನೀರು ಬಿಡಾಂವ, ಅವ್ವ ಕಸಾ ಕೀಳಾಕಿ, ನಾವು ಮಕ್ಕಳು ಸಾಲಿ ಬಿಟ್ಟು ಬಂದ ಮ್ಯಾಲ ಒಣಗಿದ ಎಲಿ ಆರಿಸಿ ಗೊಬ್ಬರದ ಕುಣಿಗೆ ಹಾಕಾವ್ರು. ಅಪ್ಪ ತೀರಕೊಂಡು ಒಂಬತ್ತು ವರ್ಷ ಆತು. ಅವ್ವಗ ಈಗ ಎಪ್ಪತ್ತಾರು, ಮಣಕಾಲು ಬ್ಯಾನಿ, ಆದ್ರೂ ಎಲ್ಲೆರ ತೋಟ ಐತಿ ಅಂದ್ರ ಸೀರಿ ಬದಲಿ ಮಾಡಿ ರೆಡಿ ಆಗಿ ಕೂಡತಾಳ. ಆ ವಾಡೇದ ಹಿಂದಿನ ತೋಟ ಹೊಸದಾಗಿ ಮಾಡ್ಯಾರಂತ ಯಾರೋ ಹೇಳಿದ್ದು ಕೇಳಿ ಅಕೀನ ಹೋಗೂನು ಅಂತ ಗಂಟ ಬಿದ್ದಿದ್ಲು.

ವಾಡೇ ನೋಡಿದ್ರ ಕಣ್ಣು ತಂಪಾತು ನೋಡ್ರಿ, ಅದನ್ನ ಮೊದಲು ಹೇಳಬೇಕು. ಮುಂದ ಆನಿ ಹೋಗುವಷ್ಟು ಎತ್ತರದ ಬಾಗಲಾ, ಅದರೊಳಗ ಒಬ್ಬರ ಬಗ್ಗಿ ಹೋಗೂವಂಥಾ ದಿಡ್ಡಿ, ಒಳಗ ಪಡಸಾಲಿ, ಸಾಗವಾನಿ ಕಂಬ, ಕಂಬದ ಮ್ಯಾಲಿನ ಬೋದಿಗಿಗೆ ಗಿಳಿ ಕೆತ್ಯಾರ, ಒಂದು ಗಿಳಿ ಇದ್ದಂಗ ಇನ್ನೊಂದಿಲ್ಲ. ಅಂಗಳದಾಗ ಜ್ವಾಳ ತುಂಬೂ ಹಗೇವು, ಅದರ ಬಾಯಿಗೆ ಮುಚ್ಚಿದ ಕಲ್ಲು ಇನ್ನೂ ಹಂಗ ಐತಿ. ಮ್ಯಾಳಗಿ ಮಣ್ಣು ಸೋರಿದಲ್ಲೆ ರಿಪೇರಿ ಮಾಡ್ಯಾರ, ಸುಣ್ಣಾನೂ ಛಲೋ ಹೊಡದಾರ, ಮಾಡಿದವರಿಗೆ ಪುಣ್ಯಾ ಬರಲಿ. ನನ್ನ ಮಗಳು ಅಲ್ಲೆ ಫೋಟೋ ತಗೋತ ನಿಂತಳು, ಅವ್ವ ಮಾತ್ರ ನಿಲ್ಲಲಿಲ್ಲ, ಕೋಲು ಊರಕೋತ ನೆಟ್ಟಗ ಹಿತ್ತಲ ಬಾಗಲಕ್ಕ ಹೋದಳು.

ಹಿತ್ತಲದಾಗ ಏನು ಐತಿ ಅಂತೀರಿ? ಬಾಗಲದಿಂದ ಹಿಡದು ಹಿಂದಿನ ಗ್ವಾಡಿತನಕ ಕೆಂಪು ಹಳದಿ ಪೇವರ್ಸ್ ಹಾಸ್ಯಾರ. ನಡುವ ಒಂದು ಕಾರಂಜಿ, ನೀರಿಲ್ಲ. ಎರಡೂ ಬಾಜೂಕ ಲಾನ್, ಅದರಾಗ ಅರ್ಧ ಪ್ಲಾಸ್ಟಿಕ್ ಹುಲ್ಲು. ಮೂಲ್ಯಾಗ ಸೆಲ್ಫಿ ಪಾಯಿಂಟ್. ಕಾಮಗಾರಿ ಬೋರ್ಡ್ ಬಾಗಲದಾಗ ನಿಂದ್ರಿಸ್ಯಾರ, ಅದರಾಗ ಪೇವರ್ಸ್, ಕಾರಂಜಿ, ಲೈಟಿನ ಕಂಬ, ಬೆಂಚು, ಎಲ್ಲಾ ಬರದಾರ, ನಾನು ಎರಡು ಸಲ ಓದಿದೆ, ಗಿಡ ಅನ್ನೂ ಶಬ್ದ ಒಂದ ಒಂದು ಸಲಾನೂ ಇಲ್ಲ.

ಹಳೇ ತೋಟದ್ದು ಅಂತ ಉಳದದ್ದು ಮೂರು ಮಾವಿನ ಗಿಡ, ಒಂದು ಬಕುಲ, ಗ್ವಾಡಿ ಹತ್ರ ಒಂದು ಕಣಗಲ. ಮಾವಿನ ಗಿಡ ಒಂದೊಂದೂ ಇಬ್ಬರು ಅಪ್ಪಿಕೊಳ್ಳುವಷ್ಟು ದಪ್ಪ ಅದಾವ. ಬುಡಕ್ಕ ಒಂದು ಗೇಣು ಬಿಟ್ಟು ಸುತ್ತಲೂ ಸಿಮೆಂಟ್ ಕಟ್ಟಿ ಕಟ್ಟಿ ಅದರ ಮ್ಯಾಲ ಟೈಲ್ಸ್ ಹಚ್ಚ್ಯಾರ, ಬೇರು ಎಬ್ಬಿಸಿ ಎಬ್ಬಿಸಿ ಮೂರು ಟೈಲ್ಸ್ ಒಡದು ಹೊರಗ ಬಂದೈತಿ. ಅವ್ವ ಆ ಒಡದ ಟೈಲ್ಸ್ ಎತ್ತಿ ಒಳಗ ಬೆರಳು ಹಾಕಿ ಮಣ್ಣು ನೋಡಿದಳು. ಹುಡಿ ಹುಡಿ ಒಣಗಿದ ಮಣ್ಣು. ಅದರ ಬಾಜೂಕ ಮೂರು ಮಾರಿನ ಮ್ಯಾಗ ಲಾನಿಗೆ ಸ್ಪ್ರಿಂಕ್ಲರ್ ತಿರಗಾಕ ಹತ್ತಿತ್ತು.

ಅಲ್ಲೆ ಕಾವಲು ಇರಾಂವ ಒಬ್ಬ ವಯಸ್ಸಾದ ಕಾಕಾ, ಭಾಳ ಒಳ್ಳೆ ಮನಶ್ಯಾ, ಅವ್ವಗ ಕುರ್ಚಿ ತಂದು ಹಾಕಿದ. ಅಂವಗ ಅವ್ವ ಕೇಳಿದ್ಲು, ಈ ಸಲ ಕಾಯಿ ಹೆಂಗ ಬಿಟ್ಟಾವಪಾ ಅಂತ. ಎಲ್ಲಿ ಕಾಯಿ ಬಿಡ್ರಿ ಯವ್ವಾ, ಮೂರು ವರ್ಷ ಆತು ಬರೇ ಎಲಿ ಬರತಾವ ಅಂದ. ಅವ್ವ ನನ್ನ ಮಾರಿ ನೋಡಿದಳು, ನಾನು ಅಕೀ ಮಾರಿ ನೋಡಿದೆ. ಧಾರವಾಡದ ಆಪೂಸ್ ನಡುವ ಬೆಳದವರಿಗೆ ಇದನ್ನ ಯಾರೂ ಬಿಡಿಸಿ ಹೇಳೂದು ಬ್ಯಾಡ. ಮಾವಿಗೆ ಮಳಿ ನಿಂತ ಮ್ಯಾಲ, ಅಂದ್ರ ದಸರಾ ದೀಪಾವಳಿಯಿಂದ ಹೂ ಕಾಣೂತನಕ ನೀರು ಕೊಡಬಾರದು, ಎರಡು ತಿಂಗಳು ಬೇರು ಒಣಗಬೇಕು, ಅಂದಾಗನ ಅದಕ್ಕ ಹೂ ಬಿಡೂ ಬುದ್ಧಿ ಬರತೈತಿ, ನೀರು ಸಿಕ್ಕಕೋತ ಹೋತಂದ್ರ ಹೊಸಾ ಎಲಿ ಬಿಡಕೋತ ಕೂಡತೈತಿ. ಲಾನಿಗೆ ಹಂಗಲ್ಲ, ನಮ್ಮ ಬಿಸಲಾಗ ಹಸರು ಇರಬೇಕಂದ್ರ ಹನ್ನೆರಡು ತಿಂಗಳೂ ನೀರು ಬೇಕು. ಹಿಂಗಾಗಿ ಲಾನಿನ ಕೆಳಗ ಹಬ್ಬಿದ ಬೇರಿಗೆ ಥಂಡಿ ದಿನದಾಗ ಬ್ಯಾಡ ಅಂದ್ರೂ ನೀರು, ಈ ಉರಿ ಬಿಸಲಾಗ ಬೇಕಂದ್ರೂ ಬುಡಕ್ಕ ಇಳಿಯಾಕ ದಾರಿ ಇಲ್ಲ. ಮಾವಿನ ಬುಡದಾಗ ಲಾನ್ ಮಾಡಬ್ಯಾಡ್ರಿ ಅಂತ ಒಬ್ಬ ಮಾಲಿನ್ನ ಕೇಳಿದ್ರ ಒಂದು ಮಾತಿನ್ಯಾಗ ಹೇಳತಿದ್ದ. ಕೇಳಾಕ ಅಲ್ಲೆ ಮಾಲಿನ ಇಲ್ಲ. ಮಾಲಿ ಅಂತ ಯಾರೂ ಇಲ್ರಿ ಅಕ್ಕಾರ, ಏಜೆನ್ಸಿಯಿಂದ ಇಬ್ರು ಕಸಾ ಹೊಡಿಯಾಕ ಬರತಾರ, ಅವರೂ ಹನ್ನೊಂದು ತಿಂಗಳಿಗೆ ಬದಲಿ ಆಗತಾರ, ಹುಲ್ಲು ಕತ್ತರಸಾಕ ತಿಂಗಳಿಗೊಮ್ಮೆ ಮಷೀನ್ ತರತಾರ ಅಂದ ಕಾಕಾ. ಆ ಮಷೀನ್ ಬಡದ ಗುರ್ತು ಬಕುಲದ ಬುಡದಾಗ ಕಾಣತೈತ್ರಿ, ತೊಗಟಿ ಸುತ್ತಲೂ ಕಿತ್ತು ಬಂದೈತಿ. ತೊಗಟಿ ಪೂರಾ ಸುತ್ತ ಹೋತಂದ್ರ ಆ ಗಿಡ ಉಳಿಯೂದಿಲ್ಲ.

ಇನ್ನ ಬಾವಿ. ಇದನ್ನ ಸ್ವಲ್ಪ ನಿಧಾನಕ್ಕ ಹೇಳತೇನಿ, ಜಾಗಾ ಇದ್ರ ಕಡಿಮಿ ಮಾಡಬ್ಯಾಡ್ರಿ ಸಾರ್.

ತೋಟದ ಮೂಡಲ ಮೂಲ್ಯಾಗ ಕಬ್ಬಣದ ಜಾಳಗಿ ಮುಚ್ಚಿದ ಒಂದು ಕಟ್ಟಿದ ಬಾವಿ ಐತಿ. ಜಾಳಗಿ ಮ್ಯಾಲ ಚಿಪ್ಸ್ ಪಾಕೀಟು, ನೀರಿನ ಬಾಟ್ಲಿ. ಬಾವಿ ದಂಡಿ ಕಲ್ಲು ಮಾತ್ರ ಹಳೇದು, ಕರೀಕಲ್ಲು, ಅದರ ಮ್ಯಾಲ ಏಳು ಕಡೆ ಹಗ್ಗ ತಿಕ್ಕಿ ತಿಕ್ಕಿ ಗೆರಿ ಬಿದ್ದಾವ. ನಾನು ಬೆರಳು ಇಟ್ಟು ನೋಡಿದೆ, ಕಿರಿಬೆರಳು ಪೂರಾ ಕೂಡತೈತಿ ಅದರಾಗ, ಒಳಗ ಗಾಜಿನಂಗ ನುಣ್ಣಗ. ನಾರಿನ ಹಗ್ಗ ಕಲ್ಲನ್ನ ಅಷ್ಟು ಕೊರಿಬೇಕಂದ್ರ ಎಷ್ಟು ಮಂದಿ ಎಷ್ಟು ವರ್ಷ ಎಷ್ಟು ಕೊಡಾ ಸೇದಿರಬೇಕು ಲೆಕ್ಕಾ ಹಾಕ್ರಿ. ಇನ್ನೊಂದು ಬಾಜೂಕ ಎತ್ತು ಕಟ್ಟಿ ಮೊಟ್ಟಿ ಹೊಡಿಯೂ ಜಾಗಾ, ಗಾಲಿ ಕೂಡಸೂ ಎರಡು ಕಲ್ಲಿನ ಕಂಬ ಇನ್ನೂ ನಿಂತಾವ, ಎತ್ತು ಇಳಿಜಾರಿನ್ಯಾಗ ಹಿಂದ ಮುಂದ ನಡದು ನೀರು ಎತ್ತೂದು, ತೊಗಲಿನ ಮೊಟ್ಟಿ ಮ್ಯಾಲ ಬಂದು ತೊಟ್ಟಿಗೆ ಸುರೂದು, ತೊಟ್ಟಿಯಿಂದ ಕಲ್ಲಿನ ಕಾಲಿವಿ ಹಿಡದು ಮಡಿ ಮಡಿಗೆ ನೀರು ಹೋಗೂದು, ನಡುವ ಒಂದು ಸಲಿಕಿ ಮಣ್ಣು ಹಾಕಿ ತಗದು ದಾರಿ ಬದಲಿ ಮಾಡಾಂವ ಮಾಲಿ. ಪಂಪಿಲ್ಲ, ಕರೆಂಟಿಲ್ಲ. ಆ ಕಾಲಿವಿ ಎಲ್ಲಿ ಅಂತ ಹುಡುಕಿದ್ವಿ. ಅವ್ವ ಬಾವಿಯಿಂದ ಕೋಲು ಬಡಕೋತ ಬಂದಳು, ಪೇವರ್ಸ್ ಮ್ಯಾಲ ಒಂದು ಕಡೆ ಟೊಳ್ಳ ಸಪ್ಪಳ ಬಂತು. ಹಂಗ ಬಡಕೋತ ಹೋದ್ರ ಟೊಳ್ಳ ಸಪ್ಪಳ ನೆಟ್ಟಗ ಮಾವಿನ ಗಿಡದ ಕಡೆ ಹೋಗಿ ಅಲ್ಲಿಂದ ಬಕುಲದ ಕಡೆ ಹೊಳ್ಳಿತು. ಕಾಲಿವಿ ಕೆಳಗ ಹಂಗ ಐತಿ, ಮ್ಯಾಲ ಮುಚ್ಚಿಬಿಟ್ಟಾರ! ಅಗದು ಹೊಸದು ಮಾಡಬೇಕಂತಿಲ್ಲ, ಮ್ಯಾಲಿನ ಬಿಲ್ಲೆ ಎತ್ತಿದ್ರ ಸಿಗತೈತಿ. ಈಗ ಲಾನಿಗೆ ಬೋರಿನ ನೀರು, ಬೋರು ಕೈ ಕೊಟ್ಟಾಗ ಟ್ಯಾಂಕರ್.

ಕೆಲವರು ನನಗ ಹೇಳ್ಯಾರ, ದೇಸಾಯರದು ದೇಸಗತಿ ಹೋತು, ಅವರ ಶೋಕಿ ತೋಟ ನಾವ್ಯಾಕ ಕಾಯಬೇಕು ಅಂತ. ಅವರ ಸಿಟ್ಟೂ ಸುಳ್ಳಲ್ಲ, ನಮ್ಮ ಅಜ್ಜಾರ ಕಾಲದಾಗ ವಾಡೇ ಮುಂದ ಕಾಲಾಗಿನ ಚಪ್ಪಲಿ ಕೈಯಾಗ ಹಿಡಕೊಂಡು ಹೋದ ಮಂದಿ ನಾವು. ಆದ್ರ ಆ ಏಳು ಗೆರಿ ದೇಸಾಯರು ಸೇದಿ ಬಿದ್ದದ್ದಲ್ಲ. ಅದು ನಮ್ಮಂಥವರ ಕೈಯಿಂದ ಬಿದ್ದದ್ದು. ವಾಡೇದ ಕಂಬ ಬೋದಿಗಿ ನೋಡಿ ಇದು ಇಂಥಾ ದೇಸಾಯರು ಕಟ್ಟಿಸಿದ್ದು ಅಂತ ಬೋರ್ಡ್ ಹಾಕತೀರಿ, ಹಾಕ್ರಿ, ಬಾವಿ ಹತ್ರಾನೂ ಒಂದು ಬೋರ್ಡ್ ಹಾಕಿ ಇಲ್ಲಿ ಹಿಂಗ ನೀರು ಎತ್ತತಿದ್ರು, ಇಷ್ಟು ಮಂದಿ ದುಡೀತಿದ್ರು ಅಂತ ಬರೀರಿ. ಮತ್ತ ಎಲ್ಲಾ ದೇಸಾಯರೂ ಒಂದ ಥರಾ ಇರಲಿಲ್ಲ ಅನ್ನೂದೂ ನೆನಪಿರಲಿ. ನವಲಗುಂದ ಶಿರಸಂಗಿ ದೇಸಗತಿಯ ಲಿಂಗರಾಜ ದೇಸಾಯರು 1906ರಾಗ ತೀರಕೊಂಡ್ರು, ತಮ್ಮ ಆಸ್ತಿ ಮಕ್ಕಳ ಓದಿಗೆ ಹೋಗಲಿ ಅಂತ ಮೃತ್ಯುಪತ್ರ ಬರದಿಟ್ಟು ಹೋದ್ರು, ಬೆಳಗಾವಿ ಲಿಂಗರಾಜ ಕಾಲೇಜಿಗೆ ಅವರದ ಹೆಸರು. ಅಂಥಾ ಮಂದೀನೂ ಈ ವಾಡೇ ಸಂಸ್ಕೃತಿಯೊಳಗನ ಇದ್ರು.

ವಾಡೇ ನೋಡಿ ಬಂದ ಮ್ಯಾಲ ಅವ್ವ ಎರಡು ದಿನ ಸುಮ್ಮ ಇದ್ಲು. ಅಕೀ ಮನಸ್ಸು ಹಗುರಾಗಲಿ ಅಂತ ಮುಂದಿನ ರವಿವಾರ ಸವಣೂರಿಗೆ ಕರಕೊಂಡು ಹೋದ್ವಿ, ಶಿಗ್ಗಾಂವಿಯಿಂದ ಎಡಕ್ಕ ಹೊಳ್ಳಿ. ಧಾರವಾಡ ಮಂದಿ ಊಟಿ ಮಡಿಕೇರಿ ಅಂತ ಓಡತೀವಿ, ಮಗ್ಗಲದಾಗಿನ ಸವಣೂರು ನೋಡಿರೂದಿಲ್ಲ. ಬಂಕಾಪುರದಿಂದ ರಾಜಧಾನಿ ಇಲ್ಲಿಗೆ ತಂದ ನವಾಬರ ಊರು, ಸುತ್ತ ಎಂಟು ಅಗಸಿ ಇದ್ದ ಊರು, ಸತ್ಯಬೋಧ ಸ್ವಾಮಿಗಳ ವೃಂದಾವನ ಇರೂ ಊರು, ವಿ.ಕೃ. ಗೋಕಾಕರು 1909ರಾಗ ಹುಟ್ಟಿದ ಊರು. ಹಳೇ ಗೆಝೆಟಿಯರಿನ್ಯಾಗ, ಅಂದ್ರ ಸರಕಾರದ ಜಿಲ್ಲಾ ಮಾಹಿತಿ ಪುಸ್ತಕದಾಗ, ಈ ಊರಿನ ಬಗ್ಗೆ ಒಂದು ಮಾತು ಐತಿ, 1868ರಿಂದ 1876ರ ನಡುವ ಇಲ್ಲಿನ ರಸ್ತೆ ಅಗಲ ಮಾಡಿ ಖಡಿ ಹಾಕಿಸಿ, ಹಳೇ ಬಾವಿ ಹೊಂಡ ಎಷ್ಟೋ ರಿಪೇರಿ ಮಾಡಿಸಿದ್ರು ಅಂತ. ನೂರೈವತ್ತು ವರ್ಷದ ಹಿಂದ ಊರು ಸುಧಾರಣಿ ಅಂದ್ರ ರಸ್ತೆ ಜೊತಿಗೆ ಹಳೇ ಬಾವಿ ರಿಪೇರಿನೂ ಲೆಕ್ಕದಾಗ ಇತ್ತು ನೋಡ್ರಿ. ಈಗ ಬಾವಿ ಅಂದ್ರ ಜಾಳಗಿ ಹಾಕೂದು.

ಸವಣೂರಿನ ದೊಡ್ಡ ಹುಣಸಿ ಕಲ್ಮಠದ ಅಂಗಳದಾಗಿನ ಮೂರು ಗಿಡ ನೋಡಿದವರು ಮರಿಯೂದಿಲ್ಲ. ಆಫ್ರಿಕಾ ಖಂಡದ ಗಿಡ ಅವು, ಆಡನ್ಸೋನಿಯಾ ಡಿಜಿಟಾಟಾ, ಬಾವೊಬಾಬ್ ಅಂತಾರ, ಮರಾಠಿಯವರು ಗೋರಖ ಚಿಂಚ ಅಂತಾರ. ಕಾಯಿಯೊಳಗಿನ ಬಿಳೀ ತಿರುಳು ಹುಳಿ ಇರತೈತಿ, ಅದಕ್ಕ ನಮ್ಮ ಮಂದಿ ದೊಡ್ಡ ಹುಣಸಿ ಅಂದದ್ದು. ನಾವು ಐದು ಮಂದಿ, ಹಾನಗಲ್ಲ ಕಡೆಯಿಂದ ಬಂದಿದ್ದ ಒಂದು ಮನೆತನದವರು ನಾಕು ಮಂದಿ, ಒಂಬತ್ತು ಮಂದಿ ಕೈ ಕೈ ಹಿಡದು ಒಂದು ಗಿಡದ ಸುತ್ತ ನಿಂತ್ರೂ ಕಡೀಕ ಒಂದು ಮೊಳ ಕಡಿಮಿ ಬಿತ್ತು. ಬ್ಯಾಸಗಿ ಇದ್ದದ್ದಕ್ಕ ಎಲಿ ಉದರಿಸಿ ನಿಂತಿದ್ವು, ತೊಗಟಿ ಬೂದಿ ಬಣ್ಣ, ಮ್ಯಾಲಿನ ಟೊಂಗಿ ಬೇರಿನಂಗ ಕಾಣತಾವ. ಎಲಿ ಬಂದಾಗ ಒಂದು ತೊಟ್ಟಿಗೆ ಐದೈದು ಕೈಬೆರಳಿನಂಗ ಬರತಾವ, ಹೂ ರಾತ್ರಿ ಅರಳತಾವ, ಪರಾಗ ಮುಟ್ಟಸೂ ಕೆಲಸಾ ಬಾವಲಿದು. ಒಳಗಿನ ಕಟಗಿ ಮೆತ್ತಗ, ನೀರು ತುಂಬಿಕೊಂಡು ಬ್ಯಾಸಗಿ ದಾಟತೈತಿ. ಇವನ್ನ ಯಾರು ತಂದು ಹಚ್ಚಿದ್ರು ಅನ್ನೂದಕ್ಕ ಅಲ್ಲೆ ಒಬ್ಬೊಬ್ಬರು ಒಂದೊಂದು ಕಥಿ ಹೇಳತಾರ, ಕೇಳಾಕ ಛಲೋ ಇರತಾವ.

ಮೂರು ಗಿಡದಾಗ ಒಂದು 2023ರ ಮಳಿಗಾಲದಾಗ ಬುಡಾ ಸಮೇತ ಬಿದ್ದದ್ದು ಎಲ್ಲರಿಗೂ ಗೊತ್ತಿರಬೇಕು, ಪೇಪರಿನ್ಯಾಗ ಬಂದಿತ್ತು. ಆವಾಗ ಅದನ್ನ ಕಟಗಿ ಲೆಕ್ಕಕ್ಕ ಹಾಕಲಿಲ್ಲ, ಕ್ರೇನ್ ತರಿಸಿ ಮತ್ತ ಎತ್ತಿ ನೆಟ್ಟರು. ಆ ಸುದ್ದಿ ಓದಿದ ದಿನ ನಾನು ಅತ್ತಿದ್ದೆ, ಸಂತೋಷಕ್ಕ. ಮನಸ್ಸು ಮಾಡಿದ್ರ ನಮ್ಮ ಮಂದಿ ಎಷ್ಟು ಮಾಡತಾರ! ಅಷ್ಟು ದೊಡ್ಡ ಗಿಡಾ ಎತ್ತಿ ನಿಂದ್ರಿಸೂ ನಾಡಿನ್ಯಾಗ ಒಂದು ಮಾವಿನ ಬುಡದಾಗಿನ ಟೈಲ್ಸ್ ಎತ್ತೂದು ಅಸಾಧ್ಯದ ಕೆಲಸೇನಲ್ಲ. ಹೋದವರಿಗೂ ಒಂದು ಮಾತು ಹೇಳತೇನಿ, ಆ ಗಿಡದ ಮೈಮ್ಯಾಲ ಹೆಸರು ಕೊರದಾರ, ಪ್ರೀತಿ ಗುರ್ತು ಕೊರದಾರ, ದಯವಿಟ್ಟು ಮಾಡಬ್ಯಾಡ್ರಿ, ಕೊರದಲ್ಲಿಂದ ಹುಳಾ ಹೋಗತಾವ, ಕೊಳೆ ಹೋಗತೈತಿ.

ಸವಣೂರಿನ್ಯಾಗ ಇನ್ನೊಂದು ಕಂಡೆ. ಬರೂ ದಾರ್ಯಾಗ ಒಬ್ಬರ ಎಲಿತೋಟದಾಗ ನೀರು ಕುಡಿಯಾಕ ನಿಂತಿದ್ವಿ. ಸವಣೂರಿನ ವೀಳ್ಯದೆಲಿ ಹೆಸರು ಇವತ್ತಿಂದಲ್ಲ. ಹೊರಗ ಬಿಸಲು ಹೊಡ್ಯಾಕ ಹತ್ತಿತ್ತು, ತೋಟದಾಗ ಕಾಲಿಟ್ಟಕೂಡಲೆ ತಂಪು. ಚೊಗಚಿ, ನುಗ್ಗಿ ಗಿಡಕ್ಕ ಬಳ್ಳಿ ಹಬ್ಬಿಸ್ಯಾರ, ಒಬ್ಬಾಕಿ ಬಾಳಿಪಟ್ಟಿಯ ನಾರು ಸೊಂಟಕ್ಕ ಸಿಗಸಿಕೊಂಡು ಬಳ್ಳಿ ಕಟ್ಟಕೋತ ಹೊಂಟಿದ್ಲು, ಗಂಟು ಗಟ್ಟಿ ಆಗಬಾರದು, ಸಡ್ಲ ಆಗಬಾರದು, ನೋಡದಲೇ ಕಟ್ಟತಾಳ. ವರ್ಷಕ್ಕೊಮ್ಮೆ ಬಳ್ಳಿ ಇಳಿಸಿ ಬುಡದಾಗ ಸುತ್ತಿ ಮಣ್ಣು ಕೊಡತೇವಿ, ಅದಕ್ಕ ಹಳೇ ಬಳ್ಳಿ ಹೊಸದಾಗತೈತಿ ಅಂದಳು. ಅವ್ವ ಅಕೀ ಬಾಜೂಕ ಕುಂತು ಮುಕ್ಕಾಲು ತಾಸು ಮಾತಾಡಿದಳು, ಎದ್ದು ಬರಾಕ ಮನಸ್ಸಿರಲಿಲ್ಲ. ಅಷ್ಟು ಹಳೇ ಕಸುಬು ಇವತ್ತಿಗೂ ಹಸರು ಐತಿ ಅಂದ್ರ ಅಲ್ಲೆ ದಿನಾ ಬೆಳಗಾದ್ರ ಒಬ್ಬರು ಬಂದು ನಿಂದರತಾರ, ಅದಕ್ಕ.

ನಾ ಹೇಳೂದು ಅಷ್ಟರಾಗನ ಐತ್ರಿ. ಬೆಂಗಳೂರಿನ ಲಾಲಬಾಗ ಹೈದರಾಲಿ 1760ರ ಸುಮಾರಿಗೆ ಚಾಲೂ ಮಾಡಿಸಿದ್ದು, ಈಗ 240 ಎಕರೆ, ಇನ್ನೂ ತೋಟಾಗೇ ಉಳದೈತಿ, ಯಾಕಂದ್ರ ಅವತ್ತಿನಿಂದ ಇವತ್ತಿನತನಕ ಅಲ್ಲೆ ಮಾಲಿ ಕೆಲಸಾ ನಿಂತಿಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದೈತಿ. ದೇವನಹಳ್ಳಿ ಹತ್ರ ನಲ್ಲೂರಿನ ಹುಣಸಿ ತೋಪಿಗೆ 2007ರಾಗ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಮಾನ್ಯತೆ ಸಿಕ್ಕಿತು, ದೇಶದಾಗನ ಮೊದಲನೇದು ಅದು. ತೋಪಿಗೂ ಗಿಡಕ್ಕೂ ಇತಿಹಾಸ ಐತಿ ಅಂತ ನಮ್ಮ ರಾಜ್ಯಾನ ಒಪ್ಪಿಕೊಂಡ ಮ್ಯಾಲ ಗದಗ ಹಾವೇರಿ ವಾಡೇದ ಹಿತ್ತಲಕ್ಕ ಯಾಕ ಇಲ್ಲ?

ಒಬ್ಬ ಮಾಲಿ ಏನು ಮಾಡತಾನ ಅಂತ ಎಸ್ಟಿಮೇಟ್ ಬರಿಯೂ ಸಾಹೇಬರಿಗೆ ಗೊತ್ತಿರಲಿಕ್ಕಿಲ್ಲ, ತಪ್ಪು ತಿಳೀಬ್ಯಾಡ್ರಿ. ದಸರಾ ಮುಗದಕೂಡಲೆ ಗುಲಾಬಿ ಕತ್ತರಸಬೇಕು, ಎರಡು ತಿಂಗಳು ತಡಾ ಮಾಡಿದ್ರ ಆ ವರ್ಷದ ಹೂ ಹೋದಂಗ. ಮಲ್ಲಿಗಿ ಥಂಡಿಯೊಳಗ ಕತ್ತರಸಬೇಕು, ಅಂದಾಗ ಬ್ಯಾಸಗಿಗೆ ಘಮ ಅಂತೈತಿ. ಯಾವ ಗಿಡಕ್ಕ ಯಾವಾಗ ನೀರು ನಿಲ್ಲಸಬೇಕು, ಯಾವ ಟೊಂಗಿ ಮ್ಯಾಲ ಗಿಡದ ರಸಾ ಹೀರೂ ಬಂದಳಕಿ ಹತ್ತೈತಿ ಅನ್ನೂದು ಗೊತ್ತಿರಬೇಕು, ಅದು ಕಾಯಿ ಕಟ್ಟಿ ಹಕ್ಕಿ ಒಯ್ಯೂದ್ರೊಳಗ ತಗೀಬೇಕು. ಇದು ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟಿನ್ಯಾಗ ಕಲಿಯೂ ಕೆಲಸಲ್ಲ, ಹನ್ನೆರಡನೇ ತಿಂಗಳು ಏನಾಗತೈತಿ ಅಂತ ನೋಡಬೇಕಾದ್ರ ಆ ಮನಶ್ಯಾ ಅಲ್ಲೆ ಇರಬೇಕಲ್ರಿ. ಅದಕ್ಕ ಹಳೇ ವಾಡೇ ತೋಟ ಅಂತ ರೊಕ್ಕ ಮಂಜೂರು ಮಾಡೂವಾಗ ಅದೇ ಊರಿನ ಒಬ್ಬ ಗಂಡಸಿಗೋ ಹೆಣ್ಣಮಗಳಿಗೋ ಕಾಯಂ ಮಾಲಿ ಕೆಲಸಾ ಕೊಡ್ರಿ, ಪಗಾರ ಆ ಮಂಜೂರಾತಿಯೊಳಗನ ಬರೀರಿ, ಕಾರಂಜಿ ಬಿಟ್ರೂ ನಡೀತೈತಿ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಇಲ್ಲೇ ಐತಿ, ಬಾಗಲಕೋಟಿಗೆ ತೋಟಗಾರಿಕೆ ವಿಶ್ವವಿದ್ಯಾಲಯ ಐತಿ, ಅಲ್ಲಿಂದ ತಿಳದವರನ್ನ ಒಂದು ದಿನ ಕರಸಿ ಹಳೇ ಗಿಡಾ ತೋರಸ್ರಿ. ಬಾವಿ ಹೂಳು ತಗಸ್ರಿ. ಪೇವರ್ಸ್ ನಡದಾಡೂ ದಾರಿಗೆ ಅಷ್ಟ ಇರಲಿ. ದೊಡ್ಡ ಹುಣಸಿ ಬೀಜದ ಸಸಿ ಮಾಡಿಸಿ ತಾಲೂಕಿಗೊಂದು ಹಚ್ಚಸ್ರಿ, ಬೀಜದ ತೊಗಟಿ ಭಾಳ ಗಟ್ಟಿ, ಬಿಸಿನೀರಾಗ ನೆನಸಿ ಹಾಕಿದ್ರ ಹುಟ್ಟತಾವ, ಅದೇನು ಖರ್ಚಿನ ಕೆಲಸಲ್ಲ.

ಕಾಕಾನ ಫೋನ್ ನಂಬರ್ ತಗೊಂಡು ಬಂದಿದ್ದೆ. ನಿನ್ನೆ ಮಾತಾಡಿದೆ, ಅಂವ ಮ್ಯಾಲಿನವರಿಗೆ ಹೇಳಿ ನೋಡ್ಯಾನಂತ, ಇನ್ನೂ ಉತ್ತರ ಬಂದಿಲ್ಲ, ನಾನೂ ಅರ್ಜಿ ಬರದು ಕಳಿಸೇನಿ. ಮಿರಗ ಮಳಿ ಬೀಳಾಕ ಇನ್ನ ಭಾಳ ದಿನ ಉಳದಿಲ್ಲ. ಅಷ್ಟರೊಳಗ ಆ ಮೂರು ಮಾವಿನ ಬುಡದಾಗಿನ ಟೈಲ್ಸ್ ಎತ್ತಾಕ ಪರವಾನಗಿ ಸಿಕ್ಕರ ಸಾಕು, ರೊಕ್ಕ ಬ್ಯಾಡ, ಹಾರಿ ಸಲಿಕಿ ನಮ್ಮವು, ನಾನು, ನಮ್ಮ ಯಜಮಾನರು, ನಮ್ಮ ಓಣಿಯ ಆರು ಮಂದಿ ಬರತೇವಿ, ಅವ್ವ ಕುರ್ಚಿ ಹಾಕ್ಕೊಂಡು ಎಲ್ಲಿ ಅಗೀಬೇಕು ಎಲ್ಲಿ ಅಗೀಬಾರದು ಅಂತ ಹೇಳತಾಳ.

ಇಂತಿ,
ಮಾಲಿಯ ಮಗಳು,
ಧಾರವಾಡ